ಅಕ್ಕಿ, ರಾಗಿಯ ಮನೆಗೆ ಗೋಧಿ ನುಸುಳುವುದು ಎಲ್ಲಿಂದ? ಗ್ಲುಟೆನ್ ಇಲ್ಲದ ಅಡುಗೆಗೊಂದು ಕೈಪಿಡಿ

ಮನೆಯಲ್ಲಿ ಒಬ್ಬರಿಗೆ ಗೋಧಿ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ಕೂಡಲೇ ಆನ್‌ಲೈನಿನಲ್ಲಿ 'ಗ್ಲುಟೆನ್ ಫ್ರೀ ಆಟಾ' ಹುಡುಕುವವರೇ ಜಾಸ್ತಿ. ಮಾಮೂಲಿ ಹಿಟ್ಟಿನ ಹಲವು ಪಟ್ಟು ದುಡ್ಡು ಕೊಟ್ಟು ಅದನ್ನು ತರಿಸಬೇಕಾದ ಅಗತ್ಯ ಹಾಸನ, ಚಿಕ್ಕಮಗಳೂರಿನವರಿಗಂತೂ ಇಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಬೆಳಗಾದರೆ ಅಕ್ಕಿ ರೊಟ್ಟಿ, ಕಡುಬು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲುಸೀಮೆಯಲ್ಲಿ ಮುದ್ದೆ. ಇದರಲ್ಲಿ ಯಾವುದರಲ್ಲೂ ಗ್ಲುಟೆನ್, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಜಗ್ಗುವ ಪ್ರೋಟೀನ್, ಇಲ್ಲ. ಇಷ್ಟಿದ್ದೂ ಚಪಾತಿ, ಬ್ರೆಡ್ಡು ಬಿಟ್ಟು ತಿಂಗಳುಗಳಾದರೂ ಹೊಟ್ಟೆ ಉಬ್ಬರ, ಭೇದಿ, ಸುಸ್ತು ನಿಲ್ಲಲಿಲ್ಲ ಎಂದರೆ ಹುಡುಕಬೇಕಾದದ್ದು ತಟ್ಟೆಯಲ್ಲಿ ಕಾಣುವ ಪದಾರ್ಥವನ್ನಲ್ಲ. ಇಂಗಿನ ಡಬ್ಬಿ, ಹಿಟ್ಟಿನ ಮಿಲ್ಲು, ಜರಡಿ, ಲಟ್ಟಣಿಗೆ, ಪೂರಿ ಕರಿದ ಎಣ್ಣೆ, ಇವನ್ನು.

ಒಂದು ಮಾತು ಮೊದಲೇ. ಸೀಲಿಯಾಕ್ ಕಾಯಿಲೆಯ (ಗ್ಲುಟೆನ್ ತಿಂದರೆ ಸಣ್ಣ ಕರುಳು ಹಾಳಾಗುವ ಕಾಯಿಲೆ) ಅನುಮಾನವಿದ್ದರೆ ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡುವುದು, ಎರಡೂ ಗೋಧಿ ತಿನ್ನುತ್ತಿರುವಾಗ ಮಾತ್ರ ಸರಿಯಾದ ಉತ್ತರ ಕೊಡುತ್ತವೆ. ಮೊದಲೇ ಬಿಟ್ಟುಬಿಟ್ಟರೆ ಕಾಯಿಲೆ ಇದ್ದರೂ 'ಇಲ್ಲ' ಎಂದು ಬರಬಹುದು. ಕಾಯಿಲೆ ಖಚಿತವಾದರೆ ಪಥ್ಯ ಜೀವನಪೂರ್ತಿ. ವಾರಕ್ಕೊಂದು ದಿನ ಪರವಾಗಿಲ್ಲ ಎಂಬ ರಿಯಾಯಿತಿ ಅದರಲ್ಲಿಲ್ಲ.

ಯಾವುದು ಬೇಡ, ಯಾವುದು ಸೈ

ಗ್ಲುಟೆನ್ ಇರುವುದು ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿ. ರೈ ನಮ್ಮ ಕಡೆ ಇಲ್ಲವೇ ಇಲ್ಲ ಎನ್ನಬಹುದು. ತೊಂದರೆ ಕೊಡುವುದು ಗೋಧಿಯ ಬೇರೆ ಬೇರೆ ಹೆಸರು. ಮೈದಾ, ಆಟಾ, ಸೂಜಿ, ಚಿರೋಟಿ ರವೆ, ಬನ್ಸಿ ರವೆ, ಗೋಧಿ ಕಡಿ, ಎಲ್ಲವೂ ಗೋಧಿಯೇ. ಹಳೇ ತಳಿ, ಆರೋಗ್ಯಕ್ಕೆ ಒಳ್ಳೆಯದು ಎಂದು ಮಾರುವ ಸದಕ ಅಥವಾ ಖಪ್ಲಿ ಗೋಧಿಯಲ್ಲೂ ಗ್ಲುಟೆನ್ ಇದೆ. ಬಾರ್ಲಿ ಒಳಗೆ ಬರುವುದು 'ಮಾಲ್ಟ್' ಎಂಬ ಹೆಸರಿನಲ್ಲಿ. ಮಕ್ಕಳಿಗೆ ಹಾಲಿಗೆ ಹಾಕಿಕೊಡುವ ಪುಡಿಗಳಲ್ಲಿ ಹೆಚ್ಚಿನವು ಬಾರ್ಲಿ ಮಾಲ್ಟಿನವೇ. ಮನೆಯಲ್ಲಿ ಮೊಳಕೆ ಬರಿಸಿ ಮಾಡಿದ ರಾಗಿ ಮಾಲ್ಟಿಗೆ ಈ ತಕರಾರಿಲ್ಲ.

ಅಕ್ಕಿ, ರಾಗಿ, ಜೋಳ, ಮೆಕ್ಕೆಜೋಳ, ಸಜ್ಜೆ, ನವಣೆ, ಸಾಮೆ, ಸಬ್ಬಕ್ಕಿ, ಎಲ್ಲ ಬೇಳೆಕಾಳು, ಆಲೂಗಡ್ಡೆ, ಗೆಣಸು ತಿನ್ನಬಹುದು. ಇಡ್ಲಿ ರವೆ ಅಕ್ಕಿಯದ್ದು, ಹೆಸರು ನೋಡಿ ಹೆದರಬೇಕಿಲ್ಲ. ಒತ್ತು ಶಾವಿಗೆ ಅಕ್ಕಿಯದ್ದು, ಆದರೆ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಬರುವ ಮಾಮೂಲಿ ಶಾವಿಗೆ ಗೋಧಿಯದ್ದು. 'ರಾಗಿ ಶಾವಿಗೆ', 'ರಾಗಿ ಬಿಸ್ಕೆಟ್' ಎಂದು ದೊಡ್ಡಕ್ಷರದಲ್ಲಿ ಬರೆದದ್ದನ್ನು ತಿರುಗಿಸಿ ಓದಿ, ಗೋಧಿ ಹಿಟ್ಟೋ ಮೈದಾವೋ ಜೊತೆಗೆ ಸೇರಿರುವುದೇ ಹೆಚ್ಚು. ಓಟ್ಸ್‌ನಲ್ಲಿ ಸ್ವತಃ ಗೋಧಿಯ ಗ್ಲುಟೆನ್ ಇಲ್ಲ. ಆದರೆ ಗದ್ದೆಯಿಂದ ಕಾರ್ಖಾನೆಯವರೆಗೆ ಗೋಧಿಯ ಜೊತೆಗೇ ಓಡಾಡುವ ಧಾನ್ಯ ಅದು, ಕೆಲವರಿಗೆ ಶುದ್ಧ ಓಟ್ಸ್ ಕೂಡ ಆಗುವುದಿಲ್ಲ. ಡಾಕ್ಟರು ಹೇಳುವವರೆಗೆ ದೂರ ಇಡುವುದೇ ಲೇಸು.

ಪ್ಯಾಕೆಟ್ ಓದುವಾಗ ಪದಾರ್ಥಗಳ ಪಟ್ಟಿಯ ಕೆಳಗಿರುವ ಅಲರ್ಜಿಯ ಸಾಲು ನೋಡಿ. ಗ್ಲುಟೆನ್ ಇರುವ ಧಾನ್ಯ ಸೇರಿದ್ದರೆ ಅಲ್ಲಿ ಹೇಳಲೇಬೇಕೆಂಬ ನಿಯಮವಿದೆ. 'ಗ್ಲುಟೆನ್ ಫ್ರೀ' ಎಂದು ಬರೆದುಕೊಳ್ಳಬೇಕಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪ್ರಕಾರ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. 20 ಮಿಲಿಗ್ರಾಂ ಎಂದರೆ ಒಂದು ಚಿಟಿಕೆಯೂ ಅಲ್ಲ. ಚಪಾತಿ ಒತ್ತಿದ ಮಣೆಯ ಮೇಲೆ ಉಳಿದ ಪುಡಿ ಯಾಕೆ ಲೆಕ್ಕಕ್ಕೆ ಬರುತ್ತದೆ ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಇಂಗು

ಹೆಚ್ಚು ಮನೆಗಳಲ್ಲಿ ತಪ್ಪಿಹೋಗುವುದು ಇದೇ. ಶುದ್ಧ ಇಂಗು ವಿಪರೀತ ಘಾಟು, ಹಾಗಾಗಿ ಅಂಗಡಿಗೆ ಬರುವುದು ಅಂಟು ಮತ್ತು ಹಿಟ್ಟು ಬೆರೆಸಿದ ಇಂಗು. ಆ ಹಿಟ್ಟು ಹಲವು ಕಂಪನಿಗಳಲ್ಲಿ ಮೈದಾ ಅಥವಾ ಗೋಧಿ ಹಿಟ್ಟು. ಪುಡಿ ಇಂಗಿನಲ್ಲಿ ಮಾತ್ರ ಹಿಟ್ಟು, ಗಟ್ಟಿ ಇಂಗು ಶುದ್ಧ ಎಂಬ ನಂಬಿಕೆ ಇದೆ. ಗಟ್ಟಿಯಲ್ಲೂ ಬೆರೆಸಿರುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಪಟ್ಟಿ ಓದಿ ಅದನ್ನೇ ತನ್ನಿ. ಸಿಗದಿದ್ದರೆ ಒಗ್ಗರಣೆಗೆ ಜಜ್ಜಿದ ಬೆಳ್ಳುಳ್ಳಿ ಹಾಕಿ. ಬೆಳ್ಳುಳ್ಳಿ ತಿನ್ನದ ಮನೆಯಾದರೆ ಜೀರಿಗೆ, ಕರಿಬೇವು, ಒಣಮೆಣಸಿನಕಾಯಿಯಲ್ಲಿ ಸಾರು ಕೆಡುವುದಿಲ್ಲ.

ಇಂಗು ಬದಲಾಯಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಅದೇ ಹಳೇ ಇಂಗು ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಯಲ್ಲೂ ಕೂತಿರುತ್ತದೆ. ವರ್ಷಕ್ಕಾಗುವಷ್ಟು ಮಾಡಿಟ್ಟ ಮಾವಿನಮಿಡಿ ಉಪ್ಪಿನಕಾಯಿ ಮನೆಯ ಉಳಿದವರಿಗೆ ಇರಲಿ, ಪಥ್ಯದವರಿಗೆ ಬೇರೆ ಜಾಡಿ ಹಾಕಿ.

ಮಿಲ್ಲು ಮತ್ತು ಮನೆಯ ಹಿಟ್ಟು

ಮನೆಯಿಂದ ಒಳ್ಳೇ ಅಕ್ಕಿ, ಒಳ್ಳೇ ರಾಗಿ ಕಳಿಸುತ್ತೀರಿ. ವಾಪಸ್ಸು ಬರುವುದು ಗೋಧಿ ಬೆರೆತ ಹಿಟ್ಟು. ಮಿಲ್ಲಿನಲ್ಲಿ ನಿಮಗಿಂತ ಮುಂಚೆ ಗೋಧಿ ಬೀಸಿದ್ದರೆ ಕಲ್ಲಿನ ಸಂದು, ಕಾಳು ಸುರಿಯುವ ಗುಂಡಿ, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ಚೀಲ, ಎಲ್ಲದರಲ್ಲೂ ಗೋಧಿ ಹಿಟ್ಟು ಹಿಡಿದುಕೊಂಡಿರುತ್ತದೆ. ಬಟ್ಟೆಯ ಚೀಲವನ್ನಂತೂ ಯಾರೂ ಒಗೆಯುವುದಿಲ್ಲ. ನಿಮ್ಮದೇ ಎರಡು ಕಿಲೋ ಮೊದಲು ಬೀಸಿ ಅದನ್ನು ಬೇರೆಯವರಿಗೆ ಕೊಟ್ಟು, ನಂತರದ್ದನ್ನು ಇಟ್ಟುಕೊಳ್ಳುವ ಉಪಾಯದಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಲವು ಮಿಲ್ಲುಗಳಲ್ಲಿ ರಾಗಿಗೆ ಬೇರೆ ಯಂತ್ರವೇ ಇರುತ್ತದೆ. ಅದು ಸ್ವಲ್ಪ ವಾಸಿ, ಆದರೆ ಪಕ್ಕದಲ್ಲೇ ಗೋಧಿ ಬೀಸುತ್ತಿದ್ದರೆ ಹಾರುವ ದೂಳು ಬಂದು ಕೂರುತ್ತದೆ. ಸೀಲಿಯಾಕ್ ಇದ್ದವರ ಮನೆಗೆ ಸ್ವಂತ ಸಣ್ಣ ಹಿಟ್ಟಿನ ಯಂತ್ರ, ಇಲ್ಲದಿದ್ದರೆ ಮಿಕ್ಸಿ. ಬೇರೆ ಸಲಹೆ ಕೊಡಲು ಮನಸ್ಸಿಲ್ಲ.

ಬೀಸುವ ಮುಂಚೆ ಕಾಳು ಹಸನು ಮಾಡಬೇಕು. ಗೋಧಿ ತುಂಬಿದ್ದ ಗೋಣಿಚೀಲಕ್ಕೇ ರಾಗಿಯೋ ಅಕ್ಕಿಯೋ ತುಂಬಿ ಬರುವುದುಂಟು. ರಾಗಿಯಲ್ಲಿ ಇದು ಸುಲಭ: ರಾಗಿ ಇಳಿಯುವಷ್ಟು ಕಣ್ಣಿನ ಜರಡಿ ಹಿಡಿದರೆ ಗೋಧಿ ಕಾಳು ಮೇಲೆ ಉಳಿಯುತ್ತದೆ. ಆಮೇಲೆ ಎರಡು ಮೂರು ನೀರಿನಲ್ಲಿ ತೊಳೆದು ಒಣಗಿಸಿ. ಅಕ್ಕಿಯೂ ಗೋಧಿಯೂ ಹೆಚ್ಚುಕಡಿಮೆ ಒಂದೇ ಗಾತ್ರ, ಜರಡಿ ಸಹಾಯ ಮಾಡದು. ಬಿಳಿ ಬಟ್ಟೆ ಮೇಲೆ ಹರಡಿ, ನಡುವೆ ಗೀರಿರುವ ಕಂದು ಕಾಳನ್ನು ಕೈಯಲ್ಲೇ ಆರಿಸಬೇಕು. ರೇಷನ್ ಅಕ್ಕಿಯಲ್ಲಿ ನೂರಕ್ಕೊಂದರಂತೆ ಕಾಣುವ, 'ಪ್ಲಾಸ್ಟಿಕ್ ಅಕ್ಕಿ' ಎಂದು ಜನ ಹೆದರುವ ಬೇರೆ ಬಣ್ಣದ ಕಾಳನ್ನು ಮಾತ್ರ ಎಸೆಯಬೇಡಿ. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ್ದು. ಸೀಲಿಯಾಕ್ ಇರುವವರಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ.

ಮಿಕ್ಸಿಯಲ್ಲಿ ಅಕ್ಕಿ ಹಿಟ್ಟು ಮಾಡುವ ಕ್ರಮ ಹೀಗೆ. ಒಂದು ಕಿಲೋ ಅಕ್ಕಿ ತೊಳೆದು ಎರಡು ಗಂಟೆ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆ ಮೇಲೆ ಗಂಟೆ, ಒಂದೂವರೆ ಗಂಟೆ ಆರಲು ಬಿಡಿ. ಮುಷ್ಟಿಯಲ್ಲಿ ಹಿಡಿದರೆ ತೇವ ತಗುಲಬೇಕು, ಕೈ ಒದ್ದೆಯಾಗಬಾರದು. ಒಂದು ಸಲಕ್ಕೆ 150ರಿಂದ 200 ಗ್ರಾಂ ಮಾತ್ರ ಹಾಕಿ, 30–40 ಸೆಕೆಂಡಿಗೊಮ್ಮೆ ನಿಲ್ಲಿಸುತ್ತಾ ಪುಡಿ ಮಾಡಿ ಜರಡಿ ಹಿಡಿಯಿರಿ. ಜಾಸ್ತಿ ತುಂಬಿದರೆ ತಳದ ಹಿಟ್ಟು ಬಿಸಿಯಾಗಿ ಅಂಟಿಕೊಳ್ಳುತ್ತದೆ, ಮೇಲಿನ ಅಕ್ಕಿ ಹಾಗೇ ಉಳಿಯುತ್ತದೆ. ಜರಡಿಯಲ್ಲಿ ಉಳಿದ ತರಿಯನ್ನು ಕಡುಬಿಗೆ, ಉಪ್ಪಿಟ್ಟಿಗೆ ಇಟ್ಟುಕೊಳ್ಳಿ. ಈ ಹಸಿ ಹಿಟ್ಟು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಹೆಚ್ಚು ದಿನ ಬೇಕೆಂದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಆರೇಳು ನಿಮಿಷ, ಬಣ್ಣ ತಿರುಗದಂತೆ ಹುರಿದು ಆರಿಸಿ ಡಬ್ಬಕ್ಕೆ ಹಾಕಿ. ಮಲೆನಾಡಿನ ಆಷಾಢ, ಶ್ರಾವಣದಲ್ಲಿ ಹಿಟ್ಟು ಒಣಗುತ್ತದೆಂದು ಕಾಯುತ್ತಾ ಕೂತರೆ ಮುಗ್ಗಲು ಹಿಡಿಯುತ್ತದೆ, ಹುರಿಯುವುದೇ ದಾರಿ.

ಬೆಳಗಿನ ತಿಂಡಿ, ಮಧ್ಯಾಹ್ನದ ಡಬ್ಬಿ

ಗೋಧಿ ಹಿಟ್ಟು ತಣ್ಣೀರಿನಲ್ಲೇ ಎಳೆದರೆ ಜಗ್ಗುತ್ತದೆ, ಆ ಜಗ್ಗುವಿಕೆ ಗ್ಲುಟೆನ್ನಿನದ್ದು. ಅಕ್ಕಿ, ರಾಗಿ, ಜೋಳದ ಹಿಟ್ಟಿಗೆ ಅದಿಲ್ಲ. ಇವನ್ನು ಹಿಡಿದಿಡುವುದು ಬೆಂದ ಪಿಷ್ಟ. ಹಾಗಾಗಿ ಗ್ಲುಟೆನ್ ಇಲ್ಲದ ರೊಟ್ಟಿಯ ಗುಟ್ಟೆಲ್ಲ ಕುದಿಯುವ ನೀರಿನಲ್ಲಿದೆ. ನಮ್ಮ ಅಜ್ಜಿಯಂದಿರು ಹಿಟ್ಟು ಉಕ್ಕರಿಸುತ್ತಿದ್ದದ್ದು ಇದಕ್ಕೇ.

ಉಕ್ಕರಿಸಿದ ಅಕ್ಕಿ ರೊಟ್ಟಿಗೆ 200 ಮಿಲಿ ಲೋಟದಲ್ಲಿ ಎರಡು ಲೋಟ ಹಿಟ್ಟು, ಎರಡು ಲೋಟ ನೀರು, ಒಂದು ಚಮಚ ಉಪ್ಪು, ಒಂದು ಚಮಚ ಎಣ್ಣೆ. ನೀರು ಮರಳುವಾಗ ಹಿಟ್ಟನ್ನು ಒಮ್ಮೆಲೇ ಸುರಿದು, ಕಲಕದೆ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬಿಡಿ. ಆಮೇಲೆ ಕೋಲಿನಲ್ಲಿ ಕೂಡಿಸಿ ಇಳಿಸಿ, ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ನೀರು ಮುಟ್ಟಿಕೊಂಡು ಐದು ನಿಮಿಷ ಚೆನ್ನಾಗಿ ನಾದಿ. ಎಂಟು ರೊಟ್ಟಿಯಾಗುತ್ತದೆ. ಒತ್ತುವಾಗ ಅಂಚು ಸೀಳಿದರೆ ಮೂರರಲ್ಲೊಂದು ಕಾರಣ: ನೀರು ಸರಿಯಾಗಿ ಕುದಿದಿರಲಿಲ್ಲ, ಹಿಟ್ಟು ತಣ್ಣಗಾಗಿದೆ, ಇಲ್ಲವೇ ನಾದಿದ್ದು ಸಾಲದು. ಸೀಳಿದ ಹಿಟ್ಟನ್ನು ಬಿಸಾಡಬೇಡಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಐದು ನಿಮಿಷ ಇಟ್ಟು ಮತ್ತೆ ನಾದಿದರೆ ಸರಿಹೋಗುತ್ತದೆ. ಹೊಸ ಅಕ್ಕಿಯ ಹಿಟ್ಟು ಅಂಟು ಜಾಸ್ತಿ, ಅದಕ್ಕೆ ನೀರು ಕಾಲು ಲೋಟ ಕಡಿಮೆ. ಮನೆಯಲ್ಲಿ ಮಾಡಿದ ಹಸಿ ಹಿಟ್ಟಿಗೂ ಅಷ್ಟೇ. ಇನ್ನೊಂದು, ಒತ್ತುವಾಗ ಉದುರಿಸಲು ಅಕ್ಕಿ ಹಿಟ್ಟನ್ನೇ ಬಳಸಿ. ಕೈ ರೂಢಿಯಲ್ಲಿ ಪಕ್ಕದ ಗೋಧಿ ಹಿಟ್ಟಿನ ಡಬ್ಬಕ್ಕೆ ಹೋಗುತ್ತದೆ. ಹೋಟೆಲಿನಲ್ಲಿ ಅಕ್ಕಿ ರೊಟ್ಟಿ ತಿಂದರೂ ಹೊಟ್ಟೆ ಕೆಡುವುದು ಹೀಗೆಯೇ.

ಕಡುಬಿಗೆ ಎರಡು ಲೋಟ ಅಕ್ಕಿ ತರಿ, ನಾಲ್ಕು ಲೋಟ ನೀರು. ನೀರಿಗೆ ಉಪ್ಪು, ಒಂದು ಹಿಡಿ ಕಾಯಿತುರಿ ಹಾಕಿ ಕುದಿಸಿ, ತರಿಯನ್ನು ತಿರುವುತ್ತಾ ಸುರಿದು, ಮುಚ್ಚಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಒದ್ದೆ ಕೈಯಲ್ಲಿ ಉಂಡೆ ಕಟ್ಟಿ ಹಬೆಯಲ್ಲಿ ಹದಿನೈದು ನಿಮಿಷ ಬೇಯಿಸಿದರೆ ಹದಿನಾರು ಕಡುಬು. ಒಳಗೆ ಬಿಳಿ ಪುಡಿ ಉಳಿದರೆ ತರಿ ಒಂದೇ ಸಮ ಇಲ್ಲವೆಂದರ್ಥ. ಅಂಟಂಟಾದರೆ ತರಿಯಲ್ಲಿ ನಯ ಹಿಟ್ಟು ಹೆಚ್ಚಾಗಿದೆ, ಮುಂದಿನ ಸಲ ಜರಡಿ ಹಿಡಿದುಕೊಳ್ಳಿ. ಕೋಳಿ ಸಾರಿಗಾಗಲಿ ಕಾಯಿ ಚಟ್ನಿಗಾಗಲಿ ಇದಕ್ಕಿಂತ ಬೇಕೆ? ಉಪ್ಪಿಟ್ಟಿಗೂ ಇದೇ ತರಿ, ಒಂದಕ್ಕೆ ಎರಡೂವರೆ ನೀರು, ಹುರಿದು ಹಾಕಿ.

ಮುದ್ದೆ ತೊಳಸುವುದನ್ನು ಹಾಸನ, ಚಿಕ್ಕಮಗಳೂರಿನವರಿಗೆ ಹೇಳಿಕೊಡುವುದು ಉದ್ಧಟತನ. ನೀರುದೋಸೆಯೂ ಹಾಗೆಯೇ, ಗೋಧಿ ದೋಸೆ ಹುಯ್ಯದ ಕಾವಲಿ ಇದ್ದರೆ ಸಾಕು.

ತೊಡಕಿರುವುದು ಶಾಲೆಯ ಡಬ್ಬಿಯಲ್ಲಿ. ಅಕ್ಕಿ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ತೊಗಲಿನಂತಾಗುತ್ತದೆ, ಮಗು ಮುಟ್ಟುವುದಿಲ್ಲ. ಅದಕ್ಕೆ ಇಸಬ್‌ಗೋಲ್ ನೆರವಾಗುತ್ತದೆ. ಔಷಧಿ ಅಂಗಡಿಯ, ರುಚಿ ಸಕ್ಕರೆ ಸೇರಿಸದ ಬರೀ ಹೊಟ್ಟು. 150 ಗ್ರಾಂ ಜೋಳದ ಹಿಟ್ಟು, 50 ಗ್ರಾಂ ಅಕ್ಕಿ ಹಿಟ್ಟು, ಎರಡು ದೊಡ್ಡ ಚಮಚ (8ರಿಂದ 10 ಗ್ರಾಂ) ಇಸಬ್‌ಗೋಲ್, ಅರ್ಧ ಚಮಚ ಉಪ್ಪು. ಇಸಬ್‌ಗೋಲನ್ನು ಒಣ ಹಿಟ್ಟಿನಲ್ಲೇ ಬೆರೆಸಬೇಕು, ನೀರಿಗೆ ನೇರ ಹಾಕಿದರೆ ಗಂಟು ಕಟ್ಟಿ ಬಿಡಿಸಲಾಗದು. 240 ಮಿಲಿ ಕುದಿನೀರು ಹಾಕಿ ಸೌಟಿನ ಹಿಡಿಯಿಂದ ಕಲಸಿ, ಹತ್ತು ನಿಮಿಷ ಮುಚ್ಚಿಟ್ಟು, ಚಮಚ ಎಣ್ಣೆ ಹಾಕಿ ನಾದಿ. ಮೊದಲು ನೀರಾಯಿತು ಅನಿಸುತ್ತದೆ, ಆಗಲೇ ಹಿಟ್ಟು ಸೇರಿಸಬೇಡಿ, ಹತ್ತು ನಿಮಿಷದಲ್ಲಿ ಹೀರಿಕೊಳ್ಳುತ್ತದೆ. ಏಳೆಂಟು ತೆಳು ರೊಟ್ಟಿಯಾಗುತ್ತದೆ, ಪಲ್ಯ ಸುತ್ತಿಕೊಡಬಹುದು. ಕಾವಲಿ ಚೆನ್ನಾಗಿ ಕಾದಿರಲಿ. ಸಣ್ಣ ಉರಿಯಲ್ಲಿ ಬೇಯಿಸಿದರೆ ಒಣಗಿ ಹಪ್ಪಳವಾಗುತ್ತದೆ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸುತ್ತಿಡಿ.

ಅಕ್ಕಿಯೊಂದನ್ನೇ ಮೂರು ಹೊತ್ತು ತಿಂದರೆ ಮಲಬದ್ಧತೆ ಬರುತ್ತದೆ, ನಾರು ಸಾಲದು. ದಿನಕ್ಕೊಂದು ಹೊತ್ತು ರಾಗಿ ಅಥವಾ ಜೋಳ ಇರಲಿ, ಹುರುಳಿ, ಹೆಸರುಕಾಳು, ಸೊಪ್ಪು ಇರಲಿ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವೂ ಸಿಗುತ್ತದೆ. ಕಾಯಿಲೆ ಹೊಸದಾಗಿ ಗೊತ್ತಾದ ಕೆಲವರಿಗೆ ಸ್ವಲ್ಪ ಕಾಲ ಹಾಲು ಜೀರ್ಣವಾಗುವುದಿಲ್ಲ. ಅಷ್ಟು ದಿನ ಮೊಸರು, ಮಜ್ಜಿಗೆ.

ಒಂದೇ ಒಲೆ, ಎರಡು ಥರ ಊಟ

ಪಥ್ಯದವರಿಗೆ ಬೇರೆ ಅಡುಗೆ ಮಾಡಲು ಹೊರಟರೆ ಮಾಡುವವರು ಸೋಲುತ್ತಾರೆ. ಮನೆಮಂದಿಗೆಲ್ಲ ಒಂದೇ ಅಡುಗೆ, ಅದು ಗ್ಲುಟೆನ್ ಇಲ್ಲದ್ದು. ಉಳಿದವರಿಗೆ ಚಪಾತಿ ಬೇಕೆಂದ ದಿನ ಕೊನೆಯಲ್ಲಿ ಮಾಡಿ, ಪಥ್ಯದವರ ಊಟವನ್ನು ಮೊದಲೇ ಮುಚ್ಚಿಟ್ಟು. ಹಾರಿದ ಗೋಧಿ ಹಿಟ್ಟು ಎಷ್ಟೋ ಹೊತ್ತು ಗಾಳಿಯಲ್ಲಿದ್ದು ತೆರೆದ ಪಾತ್ರೆಗಳ ಮೇಲೆ ಇಳಿಯುತ್ತದೆ. ಗೋಧಿ ಹಿಟ್ಟಿನ ಡಬ್ಬ ಗೂಡಿನ ಕೆಳಗಿನ ಅರೆಯಲ್ಲಿರಲಿ, ಮೇಲಿದ್ದರೆ ತೆಗೆಯುವಾಗ ಉದುರುತ್ತದೆ.

ಜರಡಿ, ಮರದ ಲಟ್ಟಣಿಗೆ, ರೊಟ್ಟಿ ಮಣೆ, ಮರದ ಕೋಲು, ರೊಟ್ಟಿ ಕಾವಲಿ: ಇಷ್ಟು ಹೊಸದು ತನ್ನಿ. ಜರಡಿಯ ಕಣ್ಣು, ಮರದ ಸೀಳು ಎಷ್ಟು ತೊಳೆದರೂ ಬಿಡುವುದಿಲ್ಲ. ಹಿಡಿಗೆ ಕೆಂಪು ದಾರ ಕಟ್ಟಿ, ಮನೆಗೆ ಬಂದ ನೆಂಟರಿಗೂ ಗೊತ್ತಾಗುತ್ತದೆ. ಸ್ಟೀಲ್ ಪಾತ್ರೆ, ಕುಕ್ಕರ್ ಸೋಪು ಹಚ್ಚಿ ತೊಳೆದರೆ ಸಾಕು, ಬೇರೆ ಬೇಡ. ಚಪಾತಿ ಹಿಟ್ಟಿನ ಪಾತ್ರೆ ಉಜ್ಜುವ ನಾರು ಮಾತ್ರ ಬೇರೆಯಿರಲಿ. ಚಪಾತಿ ತಿನ್ನುವ ಕೈ ಅದ್ದಿದ ತುಪ್ಪದ ಬಟ್ಟಲು, ಬೆಣ್ಣೆ ಡಬ್ಬಿ, ಚಟ್ನಿ, ಇವೂ ಬೇರೆ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ. ಬಿಸಿಗೆ ಗ್ಲುಟೆನ್ ಸಾಯುವುದಿಲ್ಲ, ಅದು ಕ್ರಿಮಿಯಲ್ಲ. ಬಜ್ಜಿ, ಆಲೂಗಡ್ಡೆ ಬೋಂಡಕ್ಕೂ ಮಿಲ್ಲಿನ ಹಿಟ್ಟು ಬೇಡ, ಕಡಲೆ ಬೇಳೆ ತಂದು ಮನೆಯಲ್ಲೇ ಪುಡಿ ಮಾಡಿ.

ಹಬ್ಬ, ಮದುವೆ

ಚಕ್ಕುಲಿ ಅಕ್ಕಿ, ಉದ್ದಿನದ್ದು. ಕೋಡುಬಳೆ, ನಿಪ್ಪಟ್ಟಿಗೆ ಗರಿಗರಿಯಾಗಲೆಂದು ಮೈದಾ, ಚಿರೋಟಿ ರವೆ ಸೇರಿಸುವುದು ವಾಡಿಕೆ. ಅದರ ಬದಲು ಎರಡು ಲೋಟ ಅಕ್ಕಿ ಹಿಟ್ಟಿಗೆ ಕಾಲು ಲೋಟ ಹುರಿಗಡಲೆ ಪುಡಿ, ಎರಡು ದೊಡ್ಡ ಚಮಚ ಕಾದ ಎಣ್ಣೆ ಹಾಕಿ ಕಲಸಿದರೆ ಗರಿಯೂ ಬರುತ್ತದೆ, ಮುರಿಯುವುದೂ ಇಲ್ಲ. ಎಣ್ಣೆಯಲ್ಲಿ ಬಿಚ್ಚಿಕೊಂಡರೆ ಹುರಿಗಡಲೆ ಪುಡಿ ಒಂದು ಚಮಚ ಹೆಚ್ಚಿಸಿ. ಗಣೇಶನ ಕಾಯಿಕಡುಬಿಗೆ ಉಕ್ಕರಿಸಿದ ಅಕ್ಕಿ ಹಿಟ್ಟಿನ ಹೊದಿಕೆ ಮಾಡಿ ಹಬೆಯಲ್ಲಿ ಬೇಯಿಸಿ. ಒಬ್ಬಟ್ಟಿನ ಕಣಕ ಮೈದಾ ಅಥವಾ ಚಿರೋಟಿ ರವೆಯದ್ದು, ಹೂರಣವನ್ನು ಕಣಕ ಮುಟ್ಟುವ ಮುಂಚೆ ತೆಗೆದಿಟ್ಟು ತುಪ್ಪ ಹಾಕಿ ಕೊಡಿ. ಅಕ್ಕಿ ಹಿಟ್ಟಿನಲ್ಲಿ ಒಬ್ಬಟ್ಟು ತಟ್ಟುವ ಸಾಹಸ ಸಮಾಧಾನ ಕೊಡುವುದು ಕಮ್ಮಿ.

ಮದುವೆ ಮನೆಯಲ್ಲಿ ಅಡುಗೆ ಭಟ್ಟರನ್ನೇ ಕೇಳಿ: ಸಾರಿಗೆ ಯಾವ ಇಂಗು, ಪಾಯಸ ಶಾವಿಗೆಯದೋ ಹೆಸರುಬೇಳೆಯದೋ, ಹಪ್ಪಳ ಕರಿದ ಎಣ್ಣೆಯಲ್ಲಿ ಇನ್ನೇನು ಕರಿದರು. ಉತ್ತರ ಗಟ್ಟಿಯಿಲ್ಲದಿದ್ದರೆ ಅನ್ನ, ಮೊಸರು, ಬಾಳೆಹಣ್ಣು. ಮನೆಯಿಂದ ಒಂದು ಡಬ್ಬಿ ಸಾರು ಒಯ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೊರನಾಡು, ಶೃಂಗೇರಿಯ ಪ್ರಸಾದದ ಊಟಕ್ಕೂ ಇದೇ ಪ್ರಶ್ನೆಗಳು.

ಸತ್ಯನಾರಾಯಣ ಪೂಜೆಯ ಸಪಾದ ರವೆಯದ್ದು, ಪ್ರಸಾದ ಬೇಡ ಎನ್ನಲು ಮನಸ್ಸು ಬಾರದೆ ತಿಂದು ನರಳುವವರಿದ್ದಾರೆ. ವ್ರತದ ಕಥೆಯಲ್ಲೇ ಗೋಧಿ ಇಲ್ಲದಿದ್ದರೆ ಅಕ್ಕಿ ಹಿಟ್ಟು ಆಗಬಹುದು ಎಂದಿದೆ, ಹಿರಿಯರು ತಕರಾರು ತೆಗೆದರೆ ಅದನ್ನು ತೋರಿಸಿ. ಒಂದೂಕಾಲು ಲೋಟ ಸಣ್ಣ ಅಕ್ಕಿ ತರಿಯನ್ನು ತುಪ್ಪದಲ್ಲಿ ಘಮ ಬರುವ ತನಕ ಹುರಿದು, ಮೂರು ಲೋಟ ಬಿಸಿ ಹಾಲು ಹಾಕಿ ಮುಚ್ಚಿ ಬೇಯಿಸಿ. ಕಾಳು ಬೆರಳಲ್ಲಿ ಹಿಸುಕಿದರೆ ಪೂರ್ತಿ ಮೆತ್ತಗಾದ ಮೇಲೆಯೇ ಒಂದೂಕಾಲು ಲೋಟ ಸಕ್ಕರೆ, ಬಾಳೆಹಣ್ಣು. ಮೊದಲೇ ಸಕ್ಕರೆ ಬಿದ್ದರೆ ತರಿ ಆಮೇಲೆ ಎಷ್ಟು ಹೊತ್ತಿಟ್ಟರೂ ಸರಿಯಾಗಿ ಬೇಯುವುದಿಲ್ಲ, ಹಲ್ಲಿಗೆ ಸಿಗುತ್ತದೆ.